ಕೈಗಡ

ನಮ್ಮದು ಬಿ ಡಿವಿಜನ್. ಇದರ ಕೆಳಗೆ
ಇನ್ನೊಂದು ಮೆಟ್ಟಿಲಿಲ್ಲ,
ಇಳಿದರೆ ನೇರ ಕಡಲು.

ಮೈದಾನದ ಗೆರೆಗೆ ಕಾಳಿ ನದಿಯ ಚಿಪ್ಪಿ ಸುಣ್ಣ.
ಬೆಳಗಿನ ಆರಕ್ಕೇ ನಾನೇ ಎಳೆದದ್ದು,
ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು.
ಪೆನಾಲ್ಟಿ ಚುಕ್ಕಿ ಮಾತ್ರ ಅಂದಾಜಿನದು:
ಹನ್ನೆರಡು ಹೆಜ್ಜೆ, ನನ್ನ ಕಾಲಿನವು.

ಎಂಟು ಪಂದ್ಯ, ಒಂದು ಡ್ರಾ, ಉಳಿದದ್ದೆಲ್ಲ ಸೋಲು.
ಆ ಡ್ರಾ ಕೂಡ ಚೆಂಡು ಒಡೆದು ನಿಂತ ಆಟದ್ದು.
ಅಂಗಿಯ ಬೆನ್ನಿಗೆ ಬೈತಖೋಲದ ಐಸ್ ಪ್ಲಾಂಟಿನ ಹೆಸರು,
ವಾರವಿಡೀ ನಾನು ಮಂಜುಗಡ್ಡೆ ಒಡೆಯುವುದೂ ಅಲ್ಲೇ,
ಬುಟ್ಟಿಗೆ ಇಷ್ಟೆಂದು.
ಮೂವತ್ನಾಲ್ಕು ನನಗೆ. ಎರಡನೆಯ ಗೋಲಿ.
ಮೊದಲನೆಯವಳು ಕಾಲೇಜಿನವಳು, ಎತ್ತರದವಳು;
ಅವಳು ಆಡುವಾಗ ನಾನು ನೀರಿನ ಕೊಡ.

ಹಳಿಯಾಳದವರು ನಾಲ್ಕಕ್ಕೇ ಬಸ್ಸು ಹತ್ತಿದ್ದರಂತೆ.
ಅಣಶಿ ಘಟ್ಟದ ತಿರುವುಗಳಿಗೆ
ಒಂದೊಂದಕ್ಕೂ ಒಂದಿಷ್ಟು ಕೊಟ್ಟು ಬಂದು
ಅವರ ಗೋಲಿ ಜುಲಿಯಾನಾ
ಗಾಳಿಮರದ ಬುಡದಲ್ಲಿ ಮಲಗಿಬಿಟ್ಟಳು,
ಮೂಗಿನ ಹತ್ತಿರ ಅರ್ಧ ಲಿಂಬೆ.
ಉಳಿದವರು ಹತ್ತೇ ಜನ,
ಹತ್ತರಲ್ಲಿ ಯಾರಿಗೂ ಕೈಯಲ್ಲಿ ಚೆಂಡು ಹಿಡಿದು ಗೊತ್ತಿಲ್ಲ.

ಸೀಟಿ ಊದುವ ಮಾಸ್ತರು ನಿಯಮದ ಪುಸ್ತಕ ತಿರುವಿದರು,
ಪುಸ್ತಕದಲ್ಲಿ ಘಟ್ಟವಿರಲಿಲ್ಲ.
ಅವರ ನಾಯಕಿ ಇಮಾಮಬಿ ಬಂದು
ಅಕ್ಕಿ ಸಾಲ ಕೇಳುವವರ ಹಾಗೆ ಪಕ್ಕಕ್ಕೆ ನಿಂತು
ನಮ್ಮ ಬೆಂಚಿನ ಕಡೆ ನೋಡಿ,
'ನಿಮ್ಮಲ್ಲಿ ಒಂದು ಹೆಚ್ಚಿಗೆ ಇದೆಯಲ್ಲ' ಅಂದಳು.

ಹೆಚ್ಚಿಗೆ ಇದ್ದದ್ದು ನಾನು.

ವೈಜಯಂತಿ ನಕ್ಕಳು:
'ಕರಕೊಂಡು ಹೋಗು ಮಾರಾಯ್ತಿ, ನಮಗೇ ಒಳ್ಳೇದು!'

ಅವರ ಅಂಗಿ ಹಾಕಿಕೊಂಡೆ. ಬೇರೊಂದು ಊರಿನ ಬೆವರು,
ಲಿಂಬೆಯ ವಾಸನೆ, ತೋಳು ನನಗೆ ಉದ್ದ.
ಮೊದಲ ಸಲ ಆ ಕಡೆಯಿಂದ ನೋಡಿದೆ ನಮ್ಮವರನ್ನು.
ಎಷ್ಟು ಭಯಂಕರ ಕಾಣುತ್ತಾರೆ ಓಡಿ ಬರುವಾಗ!
ಅವರಿಗೆ ಯಾರೂ ಹೇಳಿಲ್ಲ ಅದನ್ನು.

ಎಂಬತ್ತೆಂಟು ನಿಮಿಷ ಸೊನ್ನೆಗೆ ಸೊನ್ನೆ.
ಮಾರುಕಟ್ಟೆಯಿಂದ ಬುಟ್ಟಿ ಸಮೇತ ಬಂದ ನಾಲ್ಕು ಹೆಂಗಸರು,
ಕೂಸು ಎತ್ತಿಕೊಂಡ ಒಬ್ಬ ಗಂಡ, ಎರಡು ನಾಯಿ:
ಇಷ್ಟೇ ಗ್ಯಾಲರಿ.
ಆಗ ಯಾರದೋ ಮೊಣಕೈಗೆ ಚೆಂಡು ತಾಗಿ
ಮಾಸ್ತರರ ಬೆರಳು ನನ್ನ ಚುಕ್ಕಿ ತೋರಿಸಿತು.

ವೈಜಯಂತಿ ಚೆಂಡು ಇಟ್ಟಳು.
ಎಡಕ್ಕೆ ಹೊಡೆಯುತ್ತಾಳೆ ಅವಳು. ಯಾವಾಗಲೂ ಎಡಕ್ಕೆ.
ಅವಳ ಎಡ ಅಂದರೆ ನನ್ನ ಬಲ.
ಪ್ಲಾಂಟಿನ ಹಿಂದಿನ ಗೋಡೆಗೆ ಅವಳು ಹೊಡೆದದ್ದನ್ನು
ಏಳು ವರ್ಷ ಹೆಕ್ಕಿ ಕೊಟ್ಟವಳು ನಾನು;
ಆ ಮೂಲೆಯ ಗಾರೆಯೇ ಉದುರಿಹೋಗಿದೆ.
ನನಗೆ ಗೊತ್ತೆಂದು ಅವಳಿಗೂ ಗೊತ್ತು.
ಕಣ್ಣಲ್ಲೇ ಏನೋ ಕೇಳಿದಳೋ, ಅಥವಾ
ಬಿಸಿಲಿಗೆ ಕಣ್ಣು ಕಿರಿದು ಮಾಡಿದಳೋ.

ಆಗ ನಾನೇನೂ ಯೋಚಿಸಲಿಲ್ಲ ಎಂದರೆ ಸುಳ್ಳು.
ಒಂದಾದರೂ ಗೆದ್ದರೆ ಹೊಸ ಬೂಟು ಎಂದಿದ್ದ ಪ್ಲಾಂಟಿನ ಮಾಲಕ,
ಹನ್ನೊಂದು ಜೊತೆ.
ಹನ್ನೊಂದರಲ್ಲಿ ನಾನಿಲ್ಲ.
ಅದೂ ಬಂತು ತಲೆಯಲ್ಲಿ. ಬರಲಿಲ್ಲ ಅನ್ನಲಾರೆ.

ಆಮೇಲೆ ಕೈ ಹೋಯಿತು. ಕೈ ನನ್ನನ್ನು ಕೇಳಲಿಲ್ಲ.
ಬಲಕ್ಕೆ ಬಿದ್ದೆ. ಬಾಯಿಗೆ ಸುಣ್ಣ ಬಂತು.
ಚೆಂಡು ಎರಡು ಬೆರಳು ಹಿಂದಕ್ಕೆ ಮಡಿಸಿ
ಕಂಬದ ಹೊರಗಿಂದ ಉರುಳಿ ಉರುಳಿ
ಜುಲಿಯಾನಾಳ ಮಗ್ಗುಲಲ್ಲಿ ನಿಂತಿತು.
ಅವಳು ಎದ್ದು ಕೂತಳು.
ಹತ್ತೂ ಜನ ನನ್ನ ಮೇಲೆ ಬಿದ್ದರು,
ನಮ್ಮದೇ ಕೊಂಕಣಿ, ಅದರಲ್ಲಿ ಕಾಡಿನ ಎಳೆತ;
ಹೆಸರು ಗೊತ್ತಿಲ್ಲದೆ 'ಗೋಲಿ, ಗೋಲಿ' ಎಂದು ಕೂಗುತ್ತ.

ಮಾಸ್ತರರ ಹಾಳೆಯಲ್ಲಿ ಪೆನಾಲ್ಟಿ ತಡೆದವಳು ಜುಲಿಯಾನಾ.
ಬೆನ್ನ ಮೇಲಿದ್ದ ಒಂದನೆಯ ನಂಬರು ಅವಳದೇ ತಾನೆ.
ಅಂಗಿ ತೊಳೆದು ಕೊಡಬೇಕಿತ್ತು,
ಅವರ ಬಸ್ಸು ಒಂದೂವರೆಗೆ.
ಇಮಾಮಬಿ ಅರ್ಧ ತಿಂದ ಶೇಂಗಾ ಚಿಕ್ಕಿ ಕೈಗಿಟ್ಟು
'ಬಡ್ಡಿ' ಅಂದಳು.
ಕೈಗಡಕ್ಕೆ ಬಡ್ಡಿಯಿಲ್ಲ ಅಂದೆ,
ಅಂದು, ಇಟ್ಟುಕೊಂಡೆ.

ನಮ್ಮವರ ಟೆಂಪೋದಲ್ಲಿ ಯಾರೂ ಜರುಗಿ ಕೂರಲಿಲ್ಲ.
ನಡೆದೇ ಹೋದೆ, ಬೂಟು ಕೊರಳಿಗೆ ಹಾಕಿಕೊಂಡು.

ಸೋಮವಾರ ನಸುಕಿಗೆ ವೈಜಯಂತಿ ಬಂದಳು, ಬುಟ್ಟಿ ಹಿಡಿದು.
ಮಾತಿಲ್ಲ. ಐಸು ತುಂಬಿ ಕೊಟ್ಟೆ, ಎಡಗೈಯಲ್ಲಿ.
ಊದಿದ ಬೆರಳು ನೋಡಿದಳು.
ತನ್ನ ಬುಟ್ಟಿಯಿಂದಲೇ ಒಂದು ಚೂರು ತೆಗೆದು
ಬಂಗಡೆ ವಾಸನೆಯ ಸೆರಗಿನಲ್ಲಿ ಸುತ್ತಿ
ಒತ್ತಿ ಹಿಡಿದಳು, ನೋವಾಗುವಷ್ಟು.
'ಬಲಕ್ಕೆ ಹೊಡೆಯೋದು ಹೇಳಿಕೊಡು' ಅಂದಳು,
ಗೋಡೆಯ ಕಡೆ ನೋಡದೆ.