ಹಳೇ ನೀಲಿ

ಬಿಳಿ ಮುಚ್ಚಳದ ಆರ್ಡರು ಶುರುವಾದದ್ದು ಸೋಮವಾರ.
ಬುಧವಾರ ರಾತ್ರಿಪಾಳಿಯಲ್ಲೂ
ಏಳನೇ ಕುಳಿಯಿಂದ ಬೀಳುವ ಮುಚ್ಚಳಕ್ಕೆ
ಒಂದು ನೀಲಿ ಎಳೆ,
ಹಾಲುಗೂಸಿನ ಹಣೆಯ ನರದಷ್ಟು ಸಣ್ಣದು.

ಹಾಪರು ತೊಳೆದಿದ್ದೆವು. ಸ್ಕ್ರೂ ಉಜ್ಜಿದ್ದೆವು.
ಮೂವತ್ತು ಕಿಲೋ ಬಿಳಿ ಹರಳು ಸುಮ್ಮನೆ ಕರಗಿಸಿ ಉಗುಳಿಸಿ
ಹೊಗೆಯಾಡುವ ಮುದ್ದೆಗಳನ್ನು ಸಾಕಮ್ಮಣ್ಣಿ
ಸಲಿಕೆಯಲ್ಲಿ ಮೂಲೆಗೆ ತಳ್ಳಿದ್ದಳು.
"ಮುದ್ದೆ ಕಟ್ಟಕ್ಕೆ ಬಂದಿಲ್ಲ ಕಣವ್ವ ನಾನು,
ಮುಚ್ಚಳ ಎಣಿಸಕ್ಕೆ ಬಂದಿರದು" ಅಂದಳು.
ಎಣಿಸಿದಳು:
ಹದಿನೈದು ಒಳ್ಳೇವು, ಒಂದು ತಿಪ್ಪೆಗೆ.
ಹದಿನೈದು ಒಳ್ಳೇವು, ಒಂದು ತಿಪ್ಪೆಗೆ.
ತಿಪ್ಪೆಯ ಲೆಕ್ಕವನ್ನು ಸೂಪರ್‌ವೈಸರು
ಅವಳ ಹೆಸರಿನ ಮುಂದೆ ಬರೆದುಕೊಂಡರು.
ಹಾಪರಿನ ಮೂಲೆ ಸರಿಯಾಗಿ ಒರೆಸಿಲ್ಲ ಅಂತ
ಹೇಳಿದವಳು ನಾನೇ.

ತೂಬಿನಕೆರೆ ಇದು. ಹೆಸರಲ್ಲೇ ತೂಬಿದೆ.
ಕೆರೆ ನಾನು ನೋಡಿಲ್ಲ, ಕಂಪನಿ ಬಸ್ಸು ಆ ಕಡೆ ಹೋಗುವುದಿಲ್ಲ.
ನೋಡಿದ್ದು ಈ ತೂಬುಗಳನ್ನು:
ಉಕ್ಕಿನೊಳಗೆ ಹೆಬ್ಬೆರಳು ತೂರುವಷ್ಟು ದಾರಿ,
ದಾರಿಯ ನಟ್ಟನಡುವೆ ಪೆನ್ಸಿಲಿನಷ್ಟು ದಪ್ಪದ ಹೀಟರು,
ಅದನ್ನು ಸುತ್ತುವರಿದು ಹರಿಯಬೇಕು ಪ್ಲಾಸ್ಟಿಕ್ಕು.

ಈಗಿನವು ಹಾಗಲ್ಲ. ಹೊರಗಿಂದ ಸುತ್ತಿದ ಸುರುಳಿ,
ಉಕ್ಕೇ ಕಾಯುತ್ತದೆ, ಒಳಗೆ ನುಣುಪು ದಾರಿ,
ಬಣ್ಣ ಬದಲಿಸಿದರೆ ಅರ್ಧ ಗಂಟೆಯಲ್ಲಿ ಎಲ್ಲಾ ಮರೆಯುತ್ತದೆ.
ಡಿಪ್ಲೊಮಾದಲ್ಲಿ ನಮಗೆ ಕಲಿಸಿದ್ದು ಅದನ್ನೇ.

ಇದು ಒಳಬೆಂಕಿಯ ಅಚ್ಚು.
ನಿವೃತ್ತಿಗೆ ಮುಂಚೆ ಬೋರಲಿಂಗಣ್ಣ ಹೇಳಿದ್ದರು:
"ನಿಮ್ಮಜ್ಜಿ ಬಚ್ಚಲಲ್ಲಿ ತಾಮ್ರದ ಬಾಯ್ಲರ್ ಇತ್ತಲ್ಲ ಮಗ,
ನಡುವೆ ಸೌದೆ ಉರಿಯೋ ಕೊಳವೆ, ಸುತ್ತ ನೀರು.
ಅದನ್ನ ಬೆರಳಷ್ಟು ಮಾಡು. ಅಷ್ಟೇಯ."
ಆಮೇಲೆ, ಬೀಡಿ ಹುಡುಕುತ್ತಾ:
"ಆದ್ರೆ ಬಾಯ್ಲರ್ ಮೈ ಮುಟ್ಟಿದ್ರೆ ಸುಡ್ತದೆ, ಇದು ಸುಡಕಿಲ್ಲ.
ಹೊರಗಿನ ಪದರ ಸುಮ್ಕೆ ಕೂತ್ಕತದೆ,
ಒಳಗಿಂದು ಓಡ್ಲಿ ಅಂತ."

ಗುರುವಾರ ಅಚ್ಚು ಇಳಿಸಿದೆ.
ಹನ್ನೆರಡು ಅಲೆನ್ ಬೋಲ್ಟು. ಒಂದರ ತಲೆ ಸವೆದು ಗುಂಡಗಾಗಿ
ಅದಕ್ಕೇ ಒಂದು ತಾಸು ಹೋಯಿತು.
ಹೀಟರು ಇನ್ನೂ ಬೆಚ್ಚಗಿರುವಾಗಲೇ ಎಳೆದೆ.
ಹಿಂದೆಯೇ ಬಂತು ಒಂದು ತೊಗಟೆ,
ಉಕ್ಕಿನ ತಂಪಿಗೆ ಒರಗಿ ಹೆಪ್ಪುಗಟ್ಟಿ
ಇಷ್ಟು ವರ್ಷ ಎಲ್ಲಿಗೂ ಹೋಗದೆ ಉಳಿದದ್ದು.

ಹ್ಯಾಕ್ಸಾದಲ್ಲಿ ಅಡ್ಡ ಕೊಯ್ದೆ.
ಬಳೆಯೊಳಗೆ ಬಳೆ.
ಹೀಟರಿನ ಕಸುವು ಕುಂದಿದಂತೆಲ್ಲ
ಒಂದರ ಮೇಲೊಂದು ಕೂತ ಬಣ್ಣಗಳು.

ಸಾಕಮ್ಮಣ್ಣಿ ಕನ್ನಡಕ ಮೇಲೆತ್ತಿ ಓದಿದಳು:
"ಹಳದಿ, ಇದು ಎಣ್ಣೆ ಬಾಟ್ಲಿ. ಹೋದೊರ್ಷ.
ಹಸಿರು, ಫಿನಾಯ್ಲು. ಬೋನಸ್ ಕೊಡ್ನಿಲ್ವಲ್ಲ, ಆ ದೀಪಾವಳಿ.
ಈ ನೀಲಿ..."
ಉಗುರಿನಿಂದ ಕೆರೆದಳು.
"ಸೀಮೆಎಣ್ಣೆ ಕ್ಯಾನಿಂದು.
ನಮ್ಮ ಭಾಗ್ಯಳು ಹೊಟ್ಟೇಲಿದ್ಲು. ವಾಸ್ನೆಗೆ ವಾಂತಿ ಆಗದು,
ಸೀರೆ ಸೆರಗು ಮೂಗಿಗೆ ಕಟ್ಕೊಂಡು ಎಣಿಸ್ತಿದ್ದೆ."

ನಾನು ಪ್ಯಾನೆಲ್ಲಿನ ಕಡೆ ನೋಡಲಿಲ್ಲ.
ಅಲ್ಲಿ ಏಳನೇ ಗುಂಡಿಯ ಪಕ್ಕ
ಬೋರಲಿಂಗಣ್ಣನ ಕೈಬರಹ, ಬಿಳಿ ಪೇಂಟಿನಲ್ಲಿ:
೨೧೦. ಮುಟ್ಟಬೇಡ.
ಭಾನುವಾರ ಹೊಸ ಹೀಟರು ಹಾಕಿದವಳು ನಾನು.
ಉಳಿದ ಹದಿನೈದಕ್ಕೆ ಸಮ ಇರಲಿ ಅಂತ
ಇನ್ನೂರ ಮೂವತ್ತಕ್ಕೆ ತಿರುಗಿಸಿದವಳು ನಾನು.
ಸುಮ್ಮನೆ ಕೂತಿದ್ದ ಪದರವನ್ನು
ಒಳಗಿಂದ ತಿನ್ನುತ್ತಾ ತಿನ್ನುತ್ತಾ ಆ ಬಿಸಿ
ಸೀಮೆಎಣ್ಣೆಯ ಕಾಲಕ್ಕೆ ತಲುಪಿತ್ತು.

ಹೇಳಿದೆ. ಮೊದಲು ಅವಳಿಗೆ,
ಆಮೇಲೆ ಸೂಪರ್‌ವೈಸರಿಗೆ.
ಅವರು ಹೂಂ ಅಂದರು, ಪುಸ್ತಕ ತಿದ್ದಲಿಲ್ಲ.
ಅವಳು ನಕ್ಕಳೋ ಇಲ್ಲವೋ, ಮೆಷೀನು ಸದ್ದಿನಲ್ಲಿ ಗೊತ್ತಾಗಲಿಲ್ಲ.
"ಇನ್ನೂರ ಹತ್ತಕ್ಕೇ ಇಡವ್ವ" ಅಂದಳು.

ಸಂಜೆ ಪಾಳಿಗೆ ಹದಿನಾರೂ ಬೆಳ್ಳಗೆ ಬಿದ್ದವು.
ಕೊಯ್ದ ಬಳೆ ಅವಳ ಟಿಫಿನ್ ಡಬ್ಬಿಯ ಚೀಲದಲ್ಲಿ
ಮಗಳಿಗೆ ತೋರಿಸಲೆಂದು ಮನೆಗೆ ಹೋಯಿತು.
ಉಳಿದ ಹದಿನೈದು ದಾರಿಗಳನ್ನು ನಾನು ಬಿಚ್ಚಲಿಲ್ಲ.