ಸದ್ದು ಹೇಳುವವಳು

ಇನಾಸ್ ಮೇಸ್ತ್ರಿಯ ಎಡಗಿವಿ ಹೋಗಿ ಆರು ವರ್ಷ,
ಬಲಗಿವಿ ಕಳೆದ ಮಳೆಗಾಲದಲ್ಲಿ.
ನಲವತ್ತು ವರ್ಷ ಟ್ರಾಲರುಗಳ ಹೊಟ್ಟೆಯೊಳಗೆ ತಲೆಯಿಟ್ಟಿದ್ದಕ್ಕೆ
ಇಂಜಿನ್ನುಗಳು ಬಡ್ಡಿಯೆಂದು ಹಿಡಿದುಕೊಂಡವಂತೆ.
ಈಗ ಕೋಡಿಬಾಗದ ಧಕ್ಕೆಯಲ್ಲಿ ನಾನು ಅವನ ಕಿವಿ.
ದಿನಕ್ಕೆ ಮುನ್ನೂರು, ಮಧ್ಯಾಹ್ನ ಅವನ ಡಬ್ಬಿಯ ಅರ್ಧ ಮೀನು.

ಕೇಳಿದ್ದನ್ನು ಹೇಳಬೇಕು, ಅವನು ನನ್ನ ತುಟಿ ನೋಡುತ್ತಾನೆ.
ಪಟಪಟ ಕಾಣುತ್ತದೆ. ಬುಡುಬುಡು ಕಾಣುತ್ತದೆ.
ಗಟಗಟ, ಕಟಕಟ, ಗರಗರ
ಗಂಟಲೊಳಗೇ ಉಳಿಯುತ್ತವೆ, ಅವನ್ನು
ಅವನ ಅಂಗೈ ಮೇಲೆ ಬೆರಳಿನಿಂದ ಬಡಿದು ಹೇಳಬೇಕು.

ಇವತ್ತಿನದು 'ಪಮ್ಮಿ'. ಹುಬ್ಬಳ್ಳಿಯ ಹಲ್ಲಿನ ಡಾಕ್ಟರು
ಹಂಚಿನಾಳರ ಭಾನುವಾರದ ಬೋಟು.
ಬಣ್ಣ ಸುಲಿದಲ್ಲಿ ಹಿಂದಿನ ಹೆಸರು 'ಸ್ಟೆಲ್ಲಾ' ಇಣುಕುತ್ತದೆ.
ಹಿಂಬದಿಗೆ ತೂಗುವ ನಲವತ್ತು ಎಚ್‌ಪಿ, ಎರಡು ಸಿಲಿಂಡರು,
ನನಗಿಂತ ಏಳು ವರ್ಷ ಹಿರಿಯದು.
ಧಕ್ಕೆಗೆ ಕಟ್ಟಿದ್ದಾಗ ಸಾಧು.
ಸೇತುವೆ ದಾಟಿ, ಅಳಿವೆಯ ಕಡೆ ಮುಖ ಮಾಡಿ
ವೇಗ ಕೊಟ್ಟರೆ ಹತ್ತು ನಿಮಿಷಕ್ಕೆ ಸಾಯುತ್ತದೆ.
"ಕಾರ್ಬೊರೇಟರೇ ಇರಬೇಕು," ಅಂದರು ಡಾಕ್ಟರು,
ಬಾಯಿ ತೆರೆಸದೆ ಹಲ್ಲು ಕೀಳುವ ಧೈರ್ಯದಲ್ಲಿ.
ಮೇಸ್ತ್ರಿ ನಕ್ಕ. ಅವನಿಗೆ ಕೇಳಿಸಿರಲಿಲ್ಲ.

ಪ್ಲಗ್ಗು ಬಿಚ್ಚಿ ಬಿಸಿಲಿಗೆ ಹಿಡಿದ. ಎರಡೂ ಬಿಸ್ಕತ್ತಿನ ಬಣ್ಣ.
ತೂತಿಗೆ ಹೆಬ್ಬೆರಳು ಒತ್ತಿ, ಹಗ್ಗ ಎಳೆ ಅಂದ.
ಎಳೆದೆ. ಬೆರಳು ಹಾರಿತು.
"ಉಸಿರಿದೆ. ಕಿಡಿಯಿದೆ. ನಡಿ, ಹೊಳೆಗೆ."

ಇಳಿತದ ಹೊತ್ತು. ಸದಾಶಿವಗಡದ ನೆರಳು ನೀರಿಗಿಳಿದಿತ್ತು.
ಸ್ಕ್ರೂಡ್ರೈವರಿನ ತುದಿ ಇಂಜಿನ್ನಿನ ತಲೆಗೆ,
ಹಿಡಿ ತನ್ನ ಹಲ್ಲಿಗೆ ಕಚ್ಚಿ ಕೂತಿದ್ದ ಮೇಸ್ತ್ರಿ.
ಡಾಕ್ಟರು ಅದನ್ನೇ ನೋಡುತ್ತಿದ್ದರು, ಸಂಕಟದಿಂದ.
ಹತ್ತನೆಯ ನಿಮಿಷಕ್ಕೆ ಸತ್ತಿತು.

"ಹೇಗೆ ಸತ್ತಿತು?"
ಬರೇ ಸತ್ತಿತು ಅಂದರೆ ಅವನಿಗೆ ಸಾಲದು.
"ಊದಿದ ದೀಪದ ಹಾಗೋ? ಎಣ್ಣೆ ತೀರಿದ ದೀಪದ ಹಾಗೋ?"
ಗುಂಯ್ ಅನ್ನುತ್ತಿದ್ದದ್ದು ಗೂಂ ಆಯಿತು,
ಆಮೇಲೆ ಬೂ... ಬೂ... ಆಮೇಲೆ
ಮಾತಿನ ನಡುವೆ ಮಾತು ಮರೆತವರ ಹಾಗೆ.
"ಕೆಮ್ಮಿತೇ?" ಇಲ್ಲ.
"ಹಾಗಾದರೆ ಹಸಿವು," ಅಂದವನೇ
ಪೆಟ್ರೋಲ್ ಪೈಪಿನ ರಬ್ಬರ್ ಬುಡ್ಡೆ ತೋರಿಸಿದ.
ಚೀಪಿ ಎಸೆದ ಮಾವಿನ ಹಾಗೆ ಚಪ್ಪಟೆಯಾಗಿತ್ತು ಅದು.

ಪೈಪು ಹಿಡಿದು ಹೋದೆ. ಕೆಂಪು ತಗಡಿನ ಟಾಂಕಿ,
ಅದರ ಮುಚ್ಚಳ, ಮುಚ್ಚಳದ ಮೇಲೆ
ಗಾಳಿಗೆಂದು ಇರುವ ಪುಟ್ಟ ಹಿತ್ತಾಳೆ ತಿರುಪು.
ಬಿಗಿ.
ಜೂನಿನಲ್ಲಿ, ಮಳೆನೀರು ಇಳಿಯದಿರಲಿ ಎಂದು
ಇಕ್ಕಳ ಹಾಕಿ ಬಿಗಿದವಳು ನಾನು,
ಸಾಲದ್ದಕ್ಕೆ ಇನ್ನರ್ಧ ಸುತ್ತು.

ಮೇಸ್ತ್ರಿ ಬೆನ್ನು ತಿರುಗಿಸಿ ಪಾನ ಹುಡುಕುತ್ತಿದ್ದ.
ಡಾಕ್ಟರು ಫೋನು ಎತ್ತಿ ಸಿಗ್ನಲ್ಲಿಗೆ ಕೈಚಾಚಿದ್ದರು.
ತಿರುಪು ಸಡಿಲಿಸಿದೆ.
ಹ್‌ಸ್ಸ್‌ಸ್ ಎಂದು ಉದ್ದಕ್ಕೆ ಎಳೆದುಕೊಂಡಿತು ಟಾಂಕಿ,
ಒಳಗೆ ಹೋಗಿದ್ದ ತಗಡಿನ ಹೊಟ್ಟೆ ಡಬಕ್ ಎಂದು ಹೊರಬಂತು.
ಅಂಗಾಲಿಗೆ ತಾಗಿರಬೇಕು, ತಿರುಗಿದ.
"ಏನದು?"

ನನ್ನ ತುಟಿಯನ್ನೇ ನೋಡುತ್ತಿದ್ದಾನೆ.
ಹಕಾರ ತುಟಿಯಲ್ಲಿ ಕಾಣುವುದಿಲ್ಲ.
ಸಕಾರ ಅಂದರೆ ಬರೇ ಹಲ್ಲು, ನಕ್ಕರೂ ಹಾಗೇ.
ಮೀನು ಹಾರಿತು ಅನ್ನಬಹುದಿತ್ತು.
ಅವನ ಅಂಗೈ ಬಿಡಿಸಿ ಉದ್ದಕ್ಕೆ ಊದಿದೆ,
ಗೆಣ್ಣಿನಿಂದ ಒಂದು ಸಲ ಬಡಿದೆ,
ತಿರುಪು ತೋರಿಸಿ, ನನ್ನನ್ನೂ ತೋರಿಸಿದೆ.

ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.
"ಇವತ್ತಿನ ಮುನ್ನೂರು ಇಲ್ಲ," ಅಂದ.
ಸ್ವಲ್ಪ ಹೊತ್ತಿಗೆ, ಡಾಕ್ಟರ ಕಡೆ ಕಣ್ಣು ಹೊರಳಿಸಿ,
"ಅವರದು ಕಾರ್ಬೊರೇಟರೇ ಇರಲಿ, ಪಾಪ."

ವಾಪಸು ಬರುವಾಗ ಪೂರ್ತಿ ವೇಗ.
ಹತ್ತು ನಿಮಿಷ ಕಳೆಯಿತು, ಹನ್ನೆರಡು, ಸೇತುವೆಯೂ.
"ಈಗ ಹೇಗಿದೆ ಸದ್ದು?"
ಹುಡುಕಿದೆ. ಸರಿಯಾಗಿರುವ ಇಂಜಿನ್ನಿಗೆ
ಕನ್ನಡದಲ್ಲಿ ಪದ ಸಿಗಲಿಲ್ಲ, ಕೊಂಕಣಿಯಲ್ಲೂ.
"ಏನಿಲ್ಲ," ಅಂದೆ.
ಅವನು ತಲೆಯಾಡಿಸಿದ, ಡಬ್ಬಿಯ ಮುಚ್ಚಳ ತೆಗೆಯುತ್ತಾ.
ಆ ಸದ್ದು ಅವನಿಗೆ ನೆನಪಿದೆ.