ಹದಿನೇಳನೇ ನಂಬರು

ಟಿಬಿಲಿಸಿಯ ಇಳಿಜಾರು ಬೀದಿಯಲ್ಲಿ
ಹದಿನೇಳನೇ ನಂಬರಿನ ಮುಖ ಮಾತ್ರ ನಿಂತಿದೆ
ಕಬ್ಬಿಣದ ತೊಲೆಗಳ ಊರುಗೋಲು ಹಿಡಿದು.
ಹಿಂದೆ ಹೊಂಡ. ಹೊಂಡದಲ್ಲಿ ಕ್ರೇನು.
ಬಾಗಿಲಿಗೆ ಹೊಸದಾಗಿ ನೀಲಿ ಬಳಿದಿದ್ದಾರೆ,
ತೆರೆದರೆ ಆಕಾಶ.

ಪರಂಪರೆ ಉಳಿಸಿದ್ದೇವೆ ಅನ್ನುತ್ತದೆ ಫಲಕ.
ಸುಳ್ಳಲ್ಲ:
ಬಾಲ್ಕನಿಯ ಮರದ ದ್ರಾಕ್ಷಿಬಳ್ಳಿ ಹಾಗೇ ಇದೆ,
ಮುರಿದಿದ್ದ ಒಂದೆಲೆಯ ಜಾಗಕ್ಕೆ
ಬೇರೆ ಎಲೆ ಕೆತ್ತಿ ಅಂಟಿಸಿದ್ದಾರೆ.
ತ್ಸಿಯಾಲಾಗೆ ಅದೊಂದೇ ಸಿಟ್ಟು:
"ಮುರಿದದ್ದು ನಾನು, ಕಂಬಳಿ ಕೊಡವುವಾಗ,
ಮದುವೆಯ ಮರುವರ್ಷ.
ಯಾರನ್ನು ಕೇಳಿ ಸರಿಮಾಡಿದರು?"

ಎದುರಿನ ಚೌಕಕ್ಕೀಗ ನುಣುಪು ಗ್ರಾನೈಟು,
ಕಾರಂಜಿ, ಸಮವಸ್ತ್ರದ ಹುಡುಗ.
ಬೆಜಾನ್, ವಾಝಾ ನಾರ್ದಿಯ ಹಲಗೆ ಬಿಡಿಸಿ
ಆಟ ಅರ್ಧಕ್ಕೆ ಬಂದಾಗ
ಅವನು ಬಂದ, ಶೂ ನೋಡುತ್ತ ನಿಂತ:
"ಅಜ್ಜಾ, ಇದು ಖಾಸಗಿ ಜಾಗ."
ಇದೇ ಹದಿನೇಳರ ಕೆಳಮನೆಯಲ್ಲಿ
ಅಂಬೆಗಾಲಿಟ್ಟವನು,
ಲಾಮಾರಾಳ ಮೊಮ್ಮಗ.

ಅವರು ಜಗಳಕ್ಕೆ ಹೋಗಲಿಲ್ಲ.
ಒಂದು ಕಾಯಿಯೂ ಕದಲದಂತೆ ಹಲಗೆಯನ್ನು
ಕುದಿಯುವ ಸಾರಿನ ಪಾತ್ರೆಯ ಹಾಗೆ
ಆಚೆಗೊಬ್ಬ ಈಚೆಗೊಬ್ಬ ಹಿಡಿದು
ರಸ್ತೆ ದಾಟಿದರು. ಹಾರನ್ನುಗಳು ಹೊಡೆದುಕೊಂಡವು.
ಸುರಂಗದಾರಿಯ ಮೂರನೇ ಮೆಟ್ಟಿಲ ಮೇಲಿಳಿಸಿ,
"ದಾಳ ಯಾರದು?" ಅಂದ ವಾಝಾ.

"ನನ್ನದು," ಅಂದ ಬೆಜಾನ್,
ಸರದಿ ಅವನದಲ್ಲದಿದ್ದರೂ.